ಟೆಕ್ಸಾಸ್ ಶಾಲೆಗಳ ಗೋಡೆಯ ಮೇಲೆ ಹತ್ತು ಆಜ್ಞೆಗಳು: ಇಲ್ಲಿನ ಕನ್ನಡಿಗ ಅಪ್ಪ ಅಮ್ಮಂದಿರು ಏನಂತೀರಿ?

ಶರಾವತಿ ತೀರ, ಟೆಕ್ಸಾಸ್:

ಮಕ್ಕಳನ್ನು ಇಲ್ಲಿನ ಸರ್ಕಾರಿ ಶಾಲೆಗೆ ಕಳಿಸುವವರು ಈ ಗುಂಪಿನಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಇದನ್ನು ಬರೆಯುತ್ತಿರುವುದು 2025ರ ನವೆಂಬರ್ ಮೊದಲ ವಾರದಲ್ಲಿ, ಆಮೇಲೆ ಓದುವವರು ಅದನ್ನು ಗಮನದಲ್ಲಿಟ್ಟುಕೊಳ್ಳಿ.

ಸೆನೆಟ್ ಬಿಲ್ 10 ಅನ್ನುವ ಕಾನೂನು ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಟೆಕ್ಸಾಸಿನ ಪ್ರತಿಯೊಂದು ಸರ್ಕಾರಿ ಶಾಲೆಯ ಪ್ರತಿಯೊಂದು ಕ್ಲಾಸಿನಲ್ಲೂ ಬೈಬಲಿನ ಹತ್ತು ಆಜ್ಞೆಗಳ ಪೋಸ್ಟರ್ ಇರಬೇಕು. ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರ. ಕ್ಲಾಸಿನ ಯಾವ ಜಾಗದಲ್ಲಿ ಕೂತರೂ ಓದಲು ಬರಬೇಕು. ಯಾರಾದರೂ ದಾನವಾಗಿ ಕೊಟ್ಟರೆ ಶಾಲೆ ತೆಗೆದುಕೊಳ್ಳಲೇಬೇಕು, ಹಾಕಲೇಬೇಕು. ಯಾವ ಪದಗಳಿರಬೇಕು ಅನ್ನುವುದೂ ಕಾನೂನಿನಲ್ಲೇ ಬರೆದಿದೆ. ನನಗಿಂತ ಬೇರೆ ದೇವರು ನಿನಗಿರಬಾರದು ಅಂತ ಒಂದು ಸಾಲು, ಕೆತ್ತಿದ ವಿಗ್ರಹಗಳನ್ನು ಮಾಡಿಕೊಳ್ಳಬಾರದು ಅಂತ ಅದರ ಮುಂದಿನ ಸಾಲು.

ಎರಡನೇ ಕ್ಲಾಸಿನ ಮಗು ಅದನ್ನು ಓದುತ್ತದೆ. ಮನೆಯಲ್ಲಿ ಗಣಪತಿ ಇದ್ದಾನೆ, ಅಜ್ಜಿ ಕೊಟ್ಟು ಕಳಿಸಿದ ಅನ್ನಪೂರ್ಣೆ ಇದ್ದಾಳೆ. ಶಾಲೆಯ ಗೋಡೆ ದಿನವೂ ಅದು ತಪ್ಪು ಅನ್ನುತ್ತಿರುತ್ತದೆ.

ಕೋರ್ಟಿನ ಕಥೆ ಗೊತ್ತಿಲ್ಲದವರಿಗೆ: ಹಲವು ಕುಟುಂಬಗಳು ಸೇರಿ ಕೇಸು ಹಾಕಿದ್ದವು. ಕ್ರೈಸ್ತರು, ಯಹೂದಿಗಳು, ಹಿಂದೂಗಳು, ಯಾವ ಧರ್ಮವನ್ನೂ ನಂಬದವರು, ಎಲ್ಲರೂ ಇದ್ದರು. ಆಗಸ್ಟ್ 20ರಂದು ಸ್ಯಾನ್ ಆಂಟೋನಿಯೊದ ನ್ಯಾಯಾಧೀಶ ಫ್ರೆಡ್ ಬೈರಿ ಅವರು ಕೇಸಿನಲ್ಲಿದ್ದ, ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ 11 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ ತಡೆ ಕೊಟ್ಟರು. ಉಳಿದ ಶಾಲೆಗಳು ಹಾಕಲೇಬೇಕು ಎಂದು ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಸೂಚನೆ ಕೊಟ್ಟರು. ನಮ್ಮ ಡಿಸ್ಟ್ರಿಕ್ಟ್ ಆ 11ರಲ್ಲಿ ಇಲ್ಲ. ಪೋಸ್ಟರ್ ಬಂದಿದೆ.

ಸುಮ್ನೆ ಇರೋಣ ಅನ್ನುವವರು ನಮ್ಮಲ್ಲಿ ಜಾಸ್ತಿ. ನನಗೆ ಸುಮ್ಮನಿರಲು ಆಗುತ್ತಿಲ್ಲ. ನಿಮ್ಮ ಅಭಿಪ್ರಾಯ ಹೇಳಿ.

ಬಯಲುಸೀಮೆ, ಡಲ್ಲಾಸ್:

ಅಕ್ಕ, ನಿಮ್ಮ ಸಂಕಟ ಅರ್ಥ ಆಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ನಾವು ಬಂದಿರುವುದು ಅವರ ದೇಶಕ್ಕೆ. ಅವರ ನಂಬಿಕೆ ಮೇಲೆ ಕಟ್ಟಿದ ದೇಶ ಇದು. ಕದಿಯಬೇಡ, ಕೊಲ್ಲಬೇಡ, ಅಪ್ಪ ಅಮ್ಮನಿಗೆ ಗೌರವ ಕೊಡು ಅಂತ ಬರೆದಿದ್ದರೆ ಯಾರಿಗೆ ತೊಂದರೆ? ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುವುದಕ್ಕಿಂತ ಸಾವಿರ ಪಾಲು ಒಳ್ಳೆಯದು. ಇನ್ನು ಡಾಲರ್ ನೋಟಿನ ಮೇಲೆ ದೇವರನ್ನು ನಂಬಿದ್ದೇವೆ ಅಂತ ಬರೆದಿದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವ ನಾವ್ಯಾರೂ ಧರ್ಮ ಬದಲಾಯಿಸಿಲ್ಲ. ಶಾಲೆಯಲ್ಲಿ ಬೆಳಿಗ್ಗೆ ಹೇಳುವ ಪ್ರತಿಜ್ಞೆಯಲ್ಲೂ ದೇವರಿದ್ದಾನೆ. ಇಷ್ಟು ವರ್ಷ ಅದನ್ನೆಲ್ಲ ಒಪ್ಪಿಕೊಂಡು ಈಗ ಒಂದು ಪೋಸ್ಟರಿಗೆ ಜಗಳ ಯಾಕೆ?

ಕಾನೂನು ಓದುಗ:

ಸರ್, ಅವರ ನಂಬಿಕೆ ಮೇಲೆ ಕಟ್ಟಿದ ದೇಶ ಅನ್ನುವ ಮಾತಿನ ಬಗ್ಗೆ ಮೊದಲು ಹೇಳುತ್ತೇನೆ. ಈ ದೇಶದ ಸಂವಿಧಾನದಲ್ಲಿ ದೇವರ ಹೆಸರೇ ಇಲ್ಲ. ಸರ್ಕಾರಿ ಹುದ್ದೆಗೆ ಯಾವ ಧರ್ಮಪರೀಕ್ಷೆಯೂ ಇರಬಾರದು ಎಂದು ಆರನೇ ವಿಧಿಯಲ್ಲೇ ಇದೆ. 1791ರಲ್ಲಿ ಬಂದ ಮೊದಲ ತಿದ್ದುಪಡಿ, ಕಾಂಗ್ರೆಸ್ ಯಾವ ಧರ್ಮವನ್ನೂ ಸ್ಥಾಪಿಸುವ ಕಾನೂನು ಮಾಡಬಾರದು, ಧರ್ಮಾಚರಣೆಗೆ ಅಡ್ಡಿಯನ್ನೂ ಮಾಡಬಾರದು ಅನ್ನುತ್ತದೆ.

ನೋಟಿನ ಮೇಲಿನ ಸಾಲು ದೇಶದಷ್ಟು ಹಳೆಯದಲ್ಲ. ಅದು ಮೊದಲು ಬಂದದ್ದು ಅಂತರ್ಯುದ್ಧದ ಕಾಲದಲ್ಲಿ, 1864ರ ಎರಡು ಸೆಂಟಿನ ನಾಣ್ಯದ ಮೇಲೆ. ಎಲ್ಲ ನೋಟು ನಾಣ್ಯಗಳ ಮೇಲೂ ಇರಬೇಕು ಎಂದು ಕಾನೂನು ಮಾಡಿದ್ದು 1955ರಲ್ಲಿ, ಅದೇ ದೇಶದ ಧ್ಯೇಯವಾಕ್ಯ ಆದದ್ದು 1956ರಲ್ಲಿ. ದೇಶದ ಬಾವುಟದ ಪ್ರತಿಜ್ಞೆಗೆ ದೇವರ ಮಾತು ಸೇರಿದ್ದು 1954. ಸೋವಿಯತ್ ರಷ್ಯಾ ದೇವರಿಲ್ಲದ ದೇಶ, ನಾವು ಹಾಗಲ್ಲ ಎಂದು ತೋರಿಸಬೇಕಿದ್ದ ಕಾಲ ಅದು. ಟೆಕ್ಸಾಸ್ ರಾಜ್ಯದ ಬಾವುಟಕ್ಕೆ ಹೇಳುವ ಬೇರೆ ಪ್ರತಿಜ್ಞೆಗೆ ದೇವರನ್ನು ಸೇರಿಸಿದ್ದು 2007ರಲ್ಲಿ. ನಮ್ಮಲ್ಲಿ ಕೆಲವರು ಇಲ್ಲಿಗೆ ಬಂದಾಗ ಅದು ಇರಲೇ ಇಲ್ಲ.

ನೇತ್ರಾವತಿ, ಚಿಕಾಗೊ:

ನಾನು ಮಂಗಳೂರಿನ ಕ್ಯಾಥೊಲಿಕ್. ಹತ್ತು ಆಜ್ಞೆಗಳನ್ನು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದವಳು, ಈಗಲೂ ನಂಬುವವಳು. ಹಾಗಾಗಿ ನಾನು ಈ ಪೋಸ್ಟರ್ ಬೆಂಬಲಿಸುತ್ತೇನೆ ಅಂತ ಕೆಲವರು ಅಂದುಕೊಳ್ಳಬಹುದು. ಇಲ್ಲ.

ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಹತ್ತು ಆಜ್ಞೆಗಳ ಪಟ್ಟಿ ಎಲ್ಲರಿಗೂ ಒಂದೇ ಅಲ್ಲ. ವಿಗ್ರಹದ ಮಾತು ನಮ್ಮಲ್ಲಿ ಬೇರೆ ಆಜ್ಞೆಯಾಗಿ ಬರುವುದಿಲ್ಲ, ಮೊದಲನೆಯದರಲ್ಲೇ ಸೇರಿದೆ. ಕೊನೆಯದನ್ನು ಎರಡು ಮಾಡಿ ಹತ್ತು ಲೆಕ್ಕ ಹಾಕುತ್ತೇವೆ. ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರು ವಿಗ್ರಹದ್ದನ್ನು ಎರಡನೇ ಆಜ್ಞೆ ಅನ್ನುತ್ತಾರೆ. ಯಹೂದಿಗಳಲ್ಲಿ ಮೊದಲನೆಯದು ಆಜ್ಞೆಯೇ ಅಲ್ಲ, ನಿನ್ನನ್ನು ಈಜಿಪ್ಟಿನ ದಾಸ್ಯದಿಂದ ಹೊರಗೆ ತಂದ ದೇವರು ನಾನು ಅನ್ನುವ ಮಾತು. ಟೆಕ್ಸಾಸ್ ಪೋಸ್ಟರಿನಲ್ಲಿ ಈಜಿಪ್ಟ್ ಇಲ್ಲವೇ ಇಲ್ಲ. ಅಂದರೆ ಯಾವ ಪಂಗಡದ ಪಟ್ಟಿ ಸರಿ ಎಂದು ಶಾಸಕರು ಕೂತು ತೀರ್ಮಾನ ಮಾಡಿದ ಹಾಗಾಯಿತು. ನನ್ನ ಧರ್ಮದ ಬಗ್ಗೆ ಆ ಕೆಲಸ ಮಾಡಲು ನಾನು ಯಾವ ಶಾಸಕನಿಗೂ ವೋಟು ಹಾಕಿಲ್ಲ.

ಇದು ಹೊಸ ಜಗಳವೂ ಅಲ್ಲ. 19ನೇ ಶತಮಾನದಲ್ಲಿ ಇಲ್ಲಿನ ಶಾಲೆಗಳಲ್ಲಿ ಕಿಂಗ್ ಜೇಮ್ಸ್ ಬೈಬಲ್ ಓದಿಸುತ್ತಿದ್ದರು. ಅದು ಪ್ರೊಟೆಸ್ಟೆಂಟರ ಬೈಬಲ್. ನಮ್ಮ ಮಕ್ಕಳಿಗೆ ನಮ್ಮದನ್ನು ಓದಲು ಬಿಡಿ ಎಂದು ಫಿಲಡೆಲ್ಫಿಯಾದ ಕ್ಯಾಥೊಲಿಕ್ ಬಿಷಪ್ ಕೇಳಿಕೊಂಡರು. ಶಾಲೆಯಿಂದ ಬೈಬಲನ್ನೇ ತೆಗೆಸುತ್ತಾರಂತೆ ಎಂದು ಸುದ್ದಿ ಹಬ್ಬಿತು. 1844ರಲ್ಲಿ ದೊಡ್ಡ ಗಲಭೆಗಳೇ ಆದವು. ಜನ ಸತ್ತರು. ಸೇಂಟ್ ಮೈಕೇಲ್, ಸೇಂಟ್ ಆಗಸ್ಟೀನ್ ಚರ್ಚುಗಳನ್ನು ಸುಟ್ಟರು. ಇಲ್ಲಿ ಕ್ಯಾಥೊಲಿಕರು ಊರೂರಲ್ಲೂ ತಮ್ಮದೇ ಶಾಲೆ ಕಟ್ಟಿಕೊಂಡದ್ದಕ್ಕೆ ಇದೂ ಒಂದು ಕಾರಣ. ಈಗ ಎಲ್ಲರೂ ಕ್ರೈಸ್ತರು ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆಗ ನಮ್ಮವರು ಹೊರಗಿನವರು.

ಹಳೇ ಮೈಸೂರು, ಆಸ್ಟಿನ್:

ನನಗೊಂದು ಸುಲಭ ದಾರಿ ಕಾಣುತ್ತದೆ. ಅವರು ಪೋಸ್ಟರ್ ದಾನ ಕೊಟ್ಟಂತೆ ನಾವೂ ಕೊಡೋಣ. ಗೀತೆಯ ಒಂದು ಶ್ಲೋಕ, ಬಸವಣ್ಣನವರ ಕಳಬೇಡ ಕೊಲಬೇಡ ವಚನ, ಎರಡನ್ನೂ ಚೆಂದವಾಗಿ ಪ್ರಿಂಟ್ ಮಾಡಿಸಿ ಕೊಡೋಣ. ಎಲ್ಲ ಧರ್ಮದ್ದೂ ಗೋಡೆ ಮೇಲೆ ಇದ್ದರೆ ಯಾರಿಗೂ ಬೇಜಾರಿಲ್ಲ ಅಲ್ವಾ? ಅಮೆರಿಕದ ಸಂಸತ್ತಿನಲ್ಲೇ ಹಿಂದೂ ಪ್ರಾರ್ಥನೆ ಆಗಿದೆಯಲ್ಲ.

ಕಾನೂನು ಓದುಗ:

ಅದು ನಡೆಯುವುದಿಲ್ಲ. ಪ್ಲೆಸೆಂಟ್ ಗ್ರೋವ್ ಎಂಬ ಯೂಟಾದ ಊರಿನ ಪಾರ್ಕಿನಲ್ಲಿ ಹತ್ತು ಆಜ್ಞೆಗಳ ಕಲ್ಲು ಇತ್ತು. ಸಮ್ಮಮ್ ಎಂಬ ಸಣ್ಣ ಪಂಗಡದವರು ನಮ್ಮ ಏಳು ಸೂತ್ರಗಳ ಕಲ್ಲನ್ನೂ ದಾನ ತೆಗೆದುಕೊಳ್ಳಿ ಅಂದರು. ಊರಿನ ಆಡಳಿತ ಆಗುವುದಿಲ್ಲ ಎಂದಿತು. 2009ರಲ್ಲಿ ಸುಪ್ರೀಂ ಕೋರ್ಟ್ ಊರಿನ ಪರವಾಗಿಯೇ ತೀರ್ಪು ಕೊಟ್ಟಿತು. ಕಾರಣ ಏನು ಗೊತ್ತಾ? ಸರ್ಕಾರಿ ಜಾಗದಲ್ಲಿ ಸರ್ಕಾರ ಒಪ್ಪಿ ನಿಲ್ಲಿಸಿದ ಶಾಶ್ವತ ಕಲ್ಲು, ದಾನ ಯಾರೇ ಕೊಟ್ಟಿರಲಿ, ಅದು ಸರ್ಕಾರದ ಮಾತು. ಏನು ಹೇಳಬೇಕು, ಏನು ಹೇಳಬಾರದು ಅನ್ನುವುದನ್ನು ಸರ್ಕಾರ ಆರಿಸಿಕೊಳ್ಳಬಹುದು. ಶಾಲೆಯ ಗೋಡೆಗೂ ಇದೇ ವಾದ ಬರುತ್ತದೆ. ಸೆನೆಟ್ ಬಿಲ್ 10 ಹತ್ತು ಆಜ್ಞೆಗಳಿಗೆ ಮಾತ್ರ ಜಾಗ ಕೊಡುತ್ತದೆ, ವಚನಕ್ಕಲ್ಲ.

ಸಂಸತ್ತಿನ ಮಾತಿಗೆ ಬಂದರೆ, 2007ರ ಜುಲೈ 12ರಂದು ಸೆನೆಟ್ಟಿನಲ್ಲಿ ಮೊದಲ ಸಲ ಹಿಂದೂ ಪ್ರಾರ್ಥನೆ ಆಯಿತು. ಗ್ಯಾಲರಿಯಲ್ಲಿದ್ದ ಮೂವರು ಕೂಗಾಡಿ ಅಡ್ಡಿ ಮಾಡಿದರು, ಪೊಲೀಸರು ಬಂಧಿಸಿ ಕರೆದುಕೊಂಡು ಹೋದರು. ಪ್ರಾರ್ಥನೆ ಪೂರ್ತಿ ಆಯಿತು, ಅದು ನಿಜ. ಆದರೆ ಒಂದು ದಿನದ ಅತಿಥಿಯಾಗುವುದಕ್ಕೂ ವರ್ಷಪೂರ್ತಿ ಗೋಡೆಯ ಮೇಲಿರುವುದಕ್ಕೂ ವ್ಯತ್ಯಾಸ ಇದೆ.

ಶರಾವತಿ ತೀರ, ಟೆಕ್ಸಾಸ್:

ಹಳೇ ಮೈಸೂರು ಅವರೇ, ಅವಕಾಶ ಇದ್ದರೂ ನಾನು ವಚನದ ಪೋಸ್ಟರ್ ಕೊಡುವುದಿಲ್ಲ. ವಚನ ನನಗೆ ಪ್ರಾಣ. ಮನೆಯಲ್ಲಿ ಹೇಳಿಕೊಡುತ್ತೇನೆ, ಕನ್ನಡ ಕಲಿಯ ಕ್ಲಾಸಿನಲ್ಲಿ ಹೇಳಿಕೊಡುತ್ತೇನೆ. ಆದರೆ ಬ್ಯಾಪ್ಟಿಸ್ಟ್ ಪಂಗಡದ ಒಂದು ಕ್ರೈಸ್ತ ಮಗುವಿಗೆ ಕೂಡಲಸಂಗಮದೇವನನ್ನು ಒಲಿಸುವ ದಾರಿ ಇದೇ ಎಂದು ಟೆಕ್ಸಾಸ್ ಸರ್ಕಾರ ಯಾಕೆ ಹೇಳಬೇಕು? ಆ ಮಗುವಿನ ಅಮ್ಮನಿಗೂ ನನಗೆ ಆದ ಸಂಕಟವೇ ಆಗುತ್ತದೆ.

ಬಯಲುಸೀಮೆ ಅವರು ಕದಿಯಬೇಡ ಕೊಲ್ಲಬೇಡ ಅಂದರು. ಅದಷ್ಟೇ ಬರೆದಿದ್ದರೆ ನಾನು ಇಲ್ಲಿ ಒಂದಕ್ಷರ ಬರೆಯುತ್ತಿರಲಿಲ್ಲ. ಪೋಸ್ಟರಿನ ಮೊದಲ ಸಾಲುಗಳು ನಡತೆಯ ಬಗ್ಗೆ ಅಲ್ಲ. ಯಾರನ್ನು ಪೂಜಿಸಬೇಕು, ಹೇಗೆ ಪೂಜಿಸಬಾರದು, ಯಾವ ದಿನ ಪವಿತ್ರ, ಅದರ ಬಗ್ಗೆ. ಅದನ್ನು ಹೇಳುವ ಹಕ್ಕು ಪಾದ್ರಿಗೆ ಇದೆ, ಅಪ್ಪ ಅಮ್ಮನಿಗೆ ಇದೆ, ರಸ್ತೆಯಲ್ಲಿ ನಿಂತು ಕರಪತ್ರ ಹಂಚುವವರಿಗೂ ಇದೆ. ಆ ಹಕ್ಕಿಗೆ ಯಾರಾದರೂ ಅಡ್ಡ ಬಂದರೆ ನಾನೂ ಅವರ ಪರ ನಿಲ್ಲುತ್ತೇನೆ. ಹಾಜರಾತಿ ಕಡ್ಡಾಯ ಮಾಡಿ, ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ, ತೆರಿಗೆ ದುಡ್ಡಿನಿಂದ ನಡೆಯುವ ಸರ್ಕಾರಕ್ಕೆ ಆ ಹಕ್ಕಿಲ್ಲ. ನನ್ನ ವಾದ ಇಷ್ಟೇ. ಮಾತು ಒಳ್ಳೆಯದೋ ಕೆಟ್ಟದ್ದೋ ಅನ್ನುವುದಲ್ಲ, ಅದನ್ನು ಆಡುತ್ತಿರುವವರು ಯಾರು ಅನ್ನುವುದು.

ಕಾನೂನು ಓದುಗ ಅವರೇ, ಒಂದು ಅನುಮಾನ. ಇದೇ ತರಹದ ಕಾನೂನನ್ನು ಸುಪ್ರೀಂ ಕೋರ್ಟ್ ಹಿಂದೆಯೇ ರದ್ದು ಮಾಡಿತ್ತಲ್ಲ? ಮತ್ತೆ ಹೇಗೆ ತಂದರು?

ಕಾನೂನು ಓದುಗ:

ಒಳ್ಳೆಯ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತದೆ.

ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಅಧಿಕಾರಿಗಳು 22 ಪದಗಳ ಒಂದು ಪ್ರಾರ್ಥನೆ ಬರೆದು ಶಾಲೆಗಳಿಗೆ ಕೊಟ್ಟಿದ್ದರು. ಯಾವ ಪಂಗಡದ ಹೆಸರೂ ಅದರಲ್ಲಿ ಇರಲಿಲ್ಲ, ಬೇಡ ಅಂದವರು ಹೇಳಬೇಕಾಗಿಯೂ ಇರಲಿಲ್ಲ. ಆದರೂ 1962ರಲ್ಲಿ ಎಂಗೆಲ್ ವರ್ಸಸ್ ವಿಟಾಲೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತಪ್ಪು ಎಂದಿತು. ಪ್ರಾರ್ಥನೆ ಬರೆಯುವುದು ಸರ್ಕಾರದ ಕೆಲಸ ಅಲ್ಲ ಎಂದು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಬರೆದರು. 1980ರಲ್ಲಿ ಕೆಂಟಕಿಯ ಸರದಿ. ಅಲ್ಲಿಯೂ ಕ್ಲಾಸಿನ ಗೋಡೆಗೆ ಹತ್ತು ಆಜ್ಞೆಗಳು, ಅಲ್ಲಿಯೂ ದಾನದ ದುಡ್ಡು. ಸ್ಟೋನ್ ವರ್ಸಸ್ ಗ್ರಹಾಂ ಕೇಸಿನಲ್ಲಿ 5-4ರಲ್ಲಿ ಅದೂ ಬಿತ್ತು.

ಆ ಸ್ಟೋನ್ ತೀರ್ಪು ನಿಂತದ್ದು 1971ರ ಲೆಮನ್ ಕೇಸಿನಲ್ಲಿ ಮಾಡಿದ ಒಂದು ಅಳತೆಗೋಲಿನ ಮೇಲೆ. ಕಾನೂನಿಗೆ ಧರ್ಮದ ಹೊರತಾದ ಉದ್ದೇಶ ಇದೆಯಾ, ಅದರ ಮುಖ್ಯ ಪರಿಣಾಮ ಧರ್ಮವನ್ನು ಬೆಳೆಸುವುದಾ, ಸರ್ಕಾರ ಧರ್ಮದ ಜೊತೆ ಸಿಕ್ಕಿಹಾಕಿಕೊಳ್ಳುತ್ತದಾ, ಈ ಮೂರು ಪ್ರಶ್ನೆ. 2022ರಲ್ಲಿ ಬ್ರೆಮರ್ಟನ್ ಎಂಬ ಊರಿನ ಫುಟ್‌ಬಾಲ್ ಕೋಚ್ ಮ್ಯಾಚ್ ಮುಗಿದ ಮೇಲೆ ಮೈದಾನದಲ್ಲಿ ಪ್ರಾರ್ಥನೆ ಮಾಡಿದ ಕೇಸು ಬಂತು. ಕೋರ್ಟ್ 6-3ರಲ್ಲಿ ಕೋಚ್ ಪರ ನಿಂತು, ಲೆಮನ್ ಅಳತೆಗೋಲು ಇನ್ನು ಬೇಡ, ದೇಶದ ಇತಿಹಾಸ ಮತ್ತು ಪದ್ಧತಿ ನೋಡಿ ತೀರ್ಮಾನಿಸಬೇಕು ಎಂದಿತು. ಲೆಮನ್ ಹೋಯಿತು, ಹಾಗಾಗಿ ಸ್ಟೋನ್ ಕೂಡ ಹೋದ ಹಾಗೆ ಅನ್ನುವುದು ಲೂಸಿಯಾನ ಮತ್ತು ಟೆಕ್ಸಾಸ್ ವಾದ. ಲೂಸಿಯಾನ 2024ರ ಜೂನ್‌ನಲ್ಲಿ ಕಾನೂನು ಮಾಡಿತು, ಆಮೇಲೆ ಅರ್ಕನ್ಸಾ, ಟೆಕ್ಸಾಸ್. ಈ ವರ್ಷ ಜೂನ್‌ನಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟಿನ ಮೂವರು ನ್ಯಾಯಾಧೀಶರು ಲೂಸಿಯಾನ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂದರು. ಆಮೇಲೆ ಅದೇ ಕೋರ್ಟಿನ ಇಡೀ ಪೀಠ ಮತ್ತೆ ಕೇಳಲು ಒಪ್ಪಿಕೊಂಡಿತು. ನನ್ನ ಓದಿನಲ್ಲಿ ಕೋಚ್ ಕೇಸು ಇದಕ್ಕೆ ಹೊಂದುವುದೇ ಇಲ್ಲ. ಅಲ್ಲಿ ಕೋರ್ಟ್ ಕಾಪಾಡಿದ್ದು ಒಬ್ಬ ಮನುಷ್ಯನ ಸ್ವಂತ ಪ್ರಾರ್ಥನೆಯನ್ನು. ಇಲ್ಲಿ ಮಾತಾಡುತ್ತಿರುವುದು ರಾಜ್ಯ.

ಇನ್ನೊಂದು. ಟೆಕ್ಸಾಸ್ ಶಾಸನಸಭೆಯ ಆವರಣದಲ್ಲಿ ಹತ್ತು ಆಜ್ಞೆಗಳ ಕಲ್ಲು ಇದೆ, 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇರಲು ಬಿಟ್ಟಿತು. ಅದನ್ನು ತೋರಿಸುವವರು ಜಾಸ್ತಿ. ಆದರೆ ಆ ಕೇಸಿನಲ್ಲಿ ತಕ್ಕಡಿ ತಿರುಗಿಸಿದ ನ್ಯಾಯಮೂರ್ತಿ ಬ್ರೈಯರ್, ಕಲ್ಲು 40 ವರ್ಷ ಯಾರ ತಕರಾರೂ ಇಲ್ಲದೆ ಇತ್ತು ಎಂದೂ, ಸರ್ಕಾರಿ ಶಾಲೆಯ ಆವರಣದ ವಿಷಯವೇ ಬೇರೆ, ಎಳೆಯ ಮಕ್ಕಳಿರುವಲ್ಲಿ ಹೆಚ್ಚು ಎಚ್ಚರ ಬೇಕು ಎಂದೂ ಬರೆದಿದ್ದಾರೆ.

ಬಯಲುಸೀಮೆ, ಡಲ್ಲಾಸ್:

ಕಾನೂನಿನ ವಿಷಯ ತಿಳಿಸಿದ್ದಕ್ಕೆ ಧನ್ಯವಾದ. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ. ನಂಬಿಕೆಯನ್ನು ಸಾರ್ವಜನಿಕ ಬದುಕಿನಿಂದ ಒಂದೊಂದಾಗಿ ತೆಗೆದುಹಾಕಿದರೆ ಏನು ಉಳಿಯುತ್ತದೆ? ನನ್ನ ಪಕ್ಕದ ಮನೆಯವರು ಒಳ್ಳೆಯ ಕ್ರೈಸ್ತರು, ನನ್ನ ತಂದೆ ತೀರಿಕೊಂಡಾಗ ಅಡುಗೆ ಮಾಡಿ ತಂದವರು. ಧರ್ಮವನ್ನು ಬೇರೆ ಇಡಿ ಎನ್ನುವುದು ದೇವರನ್ನು ನಂಬದವರ ಯೋಚನೆ ಅಂತ ಅವರಿಗೆ ಅನಿಸುತ್ತದೆ. ನನಗೂ ಹಾಗೇ ಅನಿಸುತ್ತದೆ.

ನೇತ್ರಾವತಿ, ಚಿಕಾಗೊ:

ಅಣ್ಣಾ, ಇದು ನಂಬದವರ ಯೋಚನೆ ಅಲ್ಲ, ಇದನ್ನು ಹೇಳದೆ ಇರಲಾರೆ. ರಾಜ್ಯ ಬೇರೆ, ಚರ್ಚು ಬೇರೆ ಇರಲಿ ಎಂದು ಮೊದಲು ಕೂಗಿದವರಲ್ಲಿ ದೊಡ್ಡ ಪಾಲು ಬ್ಯಾಪ್ಟಿಸ್ಟ್ ಪಾದ್ರಿಗಳದ್ದು. ರೋಜರ್ ವಿಲಿಯಮ್ಸ್ ಮ್ಯಾಸಚೂಸೆಟ್ಸಿನಿಂದ ಓಡಿಸಲ್ಪಟ್ಟು 1636ರಲ್ಲಿ ಪ್ರಾವಿಡೆನ್ಸ್ ಎಂಬ ಊರು ಕಟ್ಟಿದವರು. ಚರ್ಚನ್ನು ತೋಟ ಎಂದೂ, ಲೋಕವನ್ನು ಕಾಡು ಎಂದೂ ಕರೆದು, ಎರಡರ ನಡುವೆ ಗೋಡೆ ಬೇಕು ಎಂದು ಬರೆದವರು ಅವರೇ. ಅವರಿಗಿದ್ದ ಭಯ ತೋಟ ಹಾಳಾಗುತ್ತದೆ ಅನ್ನುವುದು. ವರ್ಜೀನಿಯಾದಲ್ಲಿ ಲೈಸೆನ್ಸ್ ಇಲ್ಲದೆ ಉಪದೇಶ ಮಾಡಿದರು ಎಂದು ಬ್ಯಾಪ್ಟಿಸ್ಟ್ ಪಾದ್ರಿಗಳನ್ನು ಜೈಲಿಗೆ ಹಾಕಿದ್ದರು, ಮುಂದೆ ಮೊದಲ ತಿದ್ದುಪಡಿಯ ಕರಡು ಬರೆದ ಜೇಮ್ಸ್ ಮ್ಯಾಡಿಸನ್ ಅದನ್ನು ಕಂಡು ಸಿಟ್ಟಾದವರು. ಕ್ರೈಸ್ತ ಬೋಧಕರ ಸಂಬಳಕ್ಕೆ ತೆರಿಗೆ ಹಾಕುವ ಮಸೂದೆ ಬಂದಾಗ ಅವರು ವಿರೋಧಿಸಿ 1785ರಲ್ಲಿ ಬರೆದ ಮನವಿಯಲ್ಲಿ ಒಂದು ಮಾತಿದೆ: ಬೇರೆಲ್ಲ ಧರ್ಮಗಳನ್ನು ಬಿಟ್ಟು ಕ್ರೈಸ್ತ ಧರ್ಮವನ್ನು ಸ್ಥಾಪಿಸಬಲ್ಲ ಅಧಿಕಾರ, ನಾಳೆ ಕ್ರೈಸ್ತರಲ್ಲೇ ಒಂದು ಪಂಗಡವನ್ನು ಅಷ್ಟೇ ಸುಲಭವಾಗಿ ಸ್ಥಾಪಿಸಬಹುದು.

ಚರ್ಚು ಮತ್ತು ರಾಜ್ಯದ ನಡುವೆ ಗೋಡೆ ಇದೆ ಎಂದು ಆಗಿನ ಅಧ್ಯಕ್ಷ ಜೆಫರ್ಸನ್ ಬರೆದ ಪತ್ರದ ಬಗ್ಗೆ ಕೇಳಿರುತ್ತೀರಿ. 1802ರ ಜನವರಿ 1ರಂದು ಬರೆದದ್ದು. ಯಾರಿಗೆ? ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ. ಅಲ್ಲಿ ಕಾಂಗ್ರಿಗೇಷನಲ್ ಚರ್ಚು ರಾಜ್ಯದ ಚರ್ಚಾಗಿತ್ತು, ಬೇರೆಯವರಿಗೆ ಸಿಗುವ ಹಕ್ಕು ಕೃಪೆಯ ಹಾಗೆ ಇತ್ತು, ಆ ನೋವನ್ನು ಅವರು ಜೆಫರ್ಸನ್‌ಗೆ ತೋಡಿಕೊಂಡಿದ್ದರು. ಅದೇ ದಿನ ಜಾನ್ ಲೆಲ್ಯಾಂಡ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ಮ್ಯಾಸಚೂಸೆಟ್ಸಿನ ಚೆಷೈರ್ ಊರಿನವರು ಮಾಡಿದ 1,235 ಪೌಂಡಿನ ಚೀಸ್ ಗಡ್ಡೆಯನ್ನು ಜೆಫರ್ಸನ್‌ಗೆ ಕಾಣಿಕೆ ಕೊಟ್ಟರು. ಒಂದು ಊರಿನ ಭಕ್ತರೆಲ್ಲ ಸೇರಿ ತಮ್ಮ ಹಸುಗಳ ಹಾಲಿನಿಂದ ಮಾಡಿದ್ದು. ನಿಮ್ಮ ಪಕ್ಕದ ಮನೆಯವರಿಗೆ ಈ ಕಥೆ ಹೇಳಿ, ಅವರು ಬ್ಯಾಪ್ಟಿಸ್ಟರಾದರೆ ಇನ್ನೂ ಒಳ್ಳೆಯದು.

ಮಾಗಡಿ ರಸ್ತೆ, ಬೆಂಗಳೂರು:

ಊರಿನಿಂದ ಓದುತ್ತಿದ್ದೇನೆ. ಒಂದು ಪ್ರಶ್ನೆ ಕೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ನಮ್ಮ ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆ. ಮುಜರಾಯಿ ಇಲಾಖೆ ದೇವಸ್ಥಾನ ನೋಡಿಕೊಳ್ಳುತ್ತದೆ. ದಸರಾವನ್ನು ಸರ್ಕಾರವೇ ಮಾಡುತ್ತದೆ. 2022ರಲ್ಲಿ ಗುಜರಾತಿನವರು 6ರಿಂದ 12ನೇ ತರಗತಿಗೆ ಗೀತೆ ತರುತ್ತೇವೆ ಅಂದಾಗ ಇಲ್ಲಿಯೂ ಆ ಮಾತು ಬಂತು. ಅಮೆರಿಕದಲ್ಲಿ ಅಲ್ಪಸಂಖ್ಯಾತರಾಗಿ ಗೋಡೆ ಬೇಕು ಅನ್ನುವವರು ಊರಿನಲ್ಲಿ ಅದೇ ಮಾತು ಹೇಳುತ್ತೀರಾ?

ಶರಾವತಿ ತೀರ, ಟೆಕ್ಸಾಸ್:

ಹೇಳುತ್ತೇನೆ. ಗೀತೆಯನ್ನು ಶಾಲೆಯಲ್ಲಿ ಧರ್ಮಬೋಧೆಯಾಗಿ ಕಲಿಸುವುದಾದರೆ ಅದಕ್ಕೂ ನನ್ನ ವಿರೋಧ ಇದೆ. ಭಟ್ಕಳದ ಮುಸ್ಲಿಂ ಮಗುವಿನ ಅಮ್ಮ, ಮಡಿಕೇರಿಯ ಕ್ರೈಸ್ತ ಮಗುವಿನ ಅಮ್ಮ, ನನ್ನ ಜಾಗದಲ್ಲೇ ಇದ್ದಾರೆ. ನಮ್ಮ ಸಂವಿಧಾನ ಅಮೆರಿಕದ ಹಾಗೆ ಗೋಡೆ ಕಟ್ಟಿಲ್ಲ, ನಿಜ. ದೇವಸ್ಥಾನದಲ್ಲಿ ಎಲ್ಲ ಜಾತಿಯವರಿಗೂ ಬಾಗಿಲು ತೆರೆಸಲು ಸರ್ಕಾರ ಒಳಗೆ ಬರಬೇಕಾಯಿತು. ಆದರೆ 28ನೇ ವಿಧಿ ಸ್ಪಷ್ಟ ಇದೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಕೂಡದು.

ದಸರಾ ವಿಷಯ ಬೇರೆ ಅಂತ ನನಗೆ ಅನಿಸುತ್ತದೆ. 2017ರಲ್ಲಿ ನಿಸಾರ್ ಅಹಮದ್ ಉದ್ಘಾಟನೆ ಮಾಡಿದರು, ಈ ವರ್ಷ ಬಾನು ಮುಷ್ತಾಕ್. ಈ ಸಲ ಅದನ್ನು ತಡೆಯಲು ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದರು, ಎರಡೂ ಕಡೆ ಅರ್ಜಿ ವಜಾ ಆಯಿತು. ಸರ್ಕಾರ ಹಬ್ಬ ಮಾಡುವುದಾದರೆ ಅದು ಎಲ್ಲರ ಹಬ್ಬ ಆಗಬೇಕು. ವಿಧಾನಸೌಧದ ಸಾಲನ್ನು ಕೆಲಸವನ್ನು ಶ್ರದ್ಧೆಯಿಂದ ಮಾಡಿ ಅನ್ನುವ ಅರ್ಥದಲ್ಲೇ ನಾವು ಓದುತ್ತೇವೆ, ಅದು ಯಾರಿಗೂ ನಿನ್ನ ದೇವರು ತಪ್ಪು ಅನ್ನುವುದಿಲ್ಲ. ಆದರೂ ನೀವು ಅದನ್ನು ಪ್ರಶ್ನಿಸಿದರೆ ನಾನು ಜಗಳ ಮಾಡುವುದಿಲ್ಲ.

ಕಾನೂನು ಓದುಗ:

ಈ ಎರಡು ದೇಶಗಳನ್ನು ಜೋಡಿಸುವ ಒಂದು ಕೇಸಿದೆ. 1943ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮಕ್ಕಳು ತಮ್ಮ ನಂಬಿಕೆಗೆ ವಿರುದ್ಧ ಎಂದು ಬಾವುಟಕ್ಕೆ ವಂದನೆ ಮಾಡದ ಕೇಸು ಬಂತು. ಬಾರ್ನೆಟ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು, ಅದೂ ಎರಡನೇ ಮಹಾಯುದ್ಧದ ನಡುವೆ. ಕೇರಳದಲ್ಲಿ ಅದೇ ಪಂಗಡದ ಮೂವರು ಮಕ್ಕಳು ರಾಷ್ಟ್ರಗೀತೆ ಹಾಡಲಿಲ್ಲ, ಗೌರವದಿಂದ ಎದ್ದು ನಿಂತಿದ್ದರು. ಶಾಲೆಯಿಂದ ಹೊರಹಾಕಿದರು. 1986ರಲ್ಲಿ ಭಾರತದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಆ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು, ಬಾರ್ನೆಟ್ ತೀರ್ಪನ್ನೂ ಅದರಲ್ಲಿ ಚರ್ಚಿಸಿದೆ. ನಮ್ಮ ಪರಂಪರೆ ಸಹಿಷ್ಣುತೆ ಕಲಿಸುತ್ತದೆ, ನಮ್ಮ ತತ್ವ ಸಹಿಷ್ಣುತೆ ಬೋಧಿಸುತ್ತದೆ, ನಮ್ಮ ಸಂವಿಧಾನ ಸಹಿಷ್ಣುತೆಯನ್ನು ಪಾಲಿಸುತ್ತದೆ, ಅದನ್ನು ತೆಳುಮಾಡುವುದು ಬೇಡ ಎಂದು ಆ ತೀರ್ಪು ಮುಗಿಯುತ್ತದೆ.

ಹಳೇ ಮೈಸೂರು, ಆಸ್ಟಿನ್:

ದಾನದ ಪೋಸ್ಟರ್ ಯೋಚನೆ ಬಿಟ್ಟಿದ್ದೇನೆ. ಆದರೆ ಒಂದು ಭಯ ಇದೆ. ಶುಗರ್ ಲ್ಯಾಂಡ್ ದೇವಸ್ಥಾನದ 90 ಅಡಿ ಹನುಮಂತನ ಬಗ್ಗೆ ಸೆಪ್ಟೆಂಬರ್‌ನಲ್ಲಿ ಏನಾಯಿತು ನೋಡಿದಿರಲ್ಲ. ಸೆನೆಟ್ ಚುನಾವಣೆಗೆ ನಿಲ್ಲಲು ಹೊರಟಿದ್ದ ಒಬ್ಬರು ಸುಳ್ಳು ದೇವರ ಸುಳ್ಳು ಮೂರ್ತಿಯನ್ನು ಟೆಕ್ಸಾಸಿನಲ್ಲಿ ಯಾಕೆ ಬಿಟ್ಟಿದ್ದೇವೆ ಅಂದರು. ನಾವು ಪೋಸ್ಟರ್ ವಿಷಯ ಎತ್ತಿದರೆ ನಮ್ಮ ದೇವಸ್ಥಾನಗಳ ಮೇಲೆ ಕಣ್ಣು ಬೀಳುವುದಿಲ್ವಾ?

ಶರಾವತಿ ತೀರ, ಟೆಕ್ಸಾಸ್:

ಅವರು ಆಮೇಲೆ ತಮ್ಮ ಮಾತಿಗೆ ಬೈಬಲಿನ ಯಾವ ವಾಕ್ಯ ಹಾಕಿದರು ನೋಡಿ. ವಿಮೋಚನಕಾಂಡ 20ರ 3 ಮತ್ತು 4ನೇ ವಚನ. ಬೇರೆ ದೇವರು ಬೇಡ, ವಿಗ್ರಹ ಬೇಡ. ಈಗ ಪ್ರತಿ ಕ್ಲಾಸಿನ ಗೋಡೆಯ ಮೇಲೆ ಇರುವುದೂ ಅದೇ ಎರಡು ಸಾಲು. ಕಣ್ಣು ಆಗಲೇ ಬಿದ್ದಿದೆ, ನಾವು ಸುಮ್ಮನಿದ್ದಾಗಲೇ ಬಿದ್ದಿದೆ. ಆ ಹನುಮಂತ ದೇವಸ್ಥಾನದ ಸ್ವಂತ ಜಾಗದಲ್ಲಿ, ಭಕ್ತರ ದುಡ್ಡಿನಲ್ಲಿ ನಿಂತಿದ್ದಾನೆ. ಅವನನ್ನು ಕಾಪಾಡುವುದು ಮೊದಲ ತಿದ್ದುಪಡಿಯೇ. ಅದರ ಒಂದು ಅರ್ಧ ನಮಗೆ ಬೇಕು, ಇನ್ನೊಂದು ಅರ್ಧ ಹೇಗಾದರೂ ಆಗಲಿ ಅಂದರೆ ಎರಡೂ ಉಳಿಯುವುದಿಲ್ಲ.

ತುಂಗಾ ಪಾನ, ಡಲ್ಲಾಸ್:

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಮ್ಮದು ಎಚ್‌-1ಬಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ವರ್ಷಗಳಾಗಿವೆ. ಹೆದರಿಕೆ ಆಗುತ್ತದೆ ಅಕ್ಕ, ಸುಳ್ಳು ಹೇಳುವುದಿಲ್ಲ. ನಮ್ಮಂಥವರು ಏನು ಮಾಡಬಹುದು?

ಶರಾವತಿ ತೀರ, ಟೆಕ್ಸಾಸ್:

ನಿಮ್ಮ ಹೆದರಿಕೆ ಸಹಜ ಕಣಮ್ಮಾ. ಕೇಸಿನಲ್ಲಿ ಹೆಸರು ಕೊಡಿ ಎಂದು ನಾನು ಯಾರನ್ನೂ ಕೇಳುತ್ತಿಲ್ಲ. ಸ್ಕೂಲ್ ಬೋರ್ಡ್ ಮೀಟಿಂಗ್‌ನಲ್ಲಿ ಅಜೆಂಡಾದಲ್ಲಿರುವ ವಿಷಯದ ಬಗ್ಗೆ ಜನರಿಗೆ ಮಾತಾಡಲು ಅವಕಾಶ ಕೊಡಬೇಕು ಎಂದು ಟೆಕ್ಸಾಸ್ ಕಾನೂನೇ ಹೇಳುತ್ತದೆ. ಎಲ್ಲರೂ ಮಾತಾಡಬೇಕಿಲ್ಲ. ಸಿಟಿಜನ್ ಆದವರು, ಗ್ರೀನ್ ಕಾರ್ಡ್ ಸಿಕ್ಕವರು ಮಾತಾಡೋಣ. ನೀವು ಬಂದು ಹಿಂದಿನ ಸಾಲಿನಲ್ಲಿ ಕೂತರೂ ಸಾಕು. ಅದೂ ಆಗದಿದ್ದರೆ ಟೀಚರ್ ಹತ್ತಿರ ಒಂದು ಮಾತು ಕೇಳಿ: ಆ ಪೋಸ್ಟರ್ ಬಗ್ಗೆ ಮಗು ಪ್ರಶ್ನೆ ಕೇಳಿದರೆ ಏನು ಉತ್ತರ ಕೊಡುತ್ತೀರಿ ಅಂತ. ಕೇಳುವುದರಲ್ಲಿ ಏನೂ ತಪ್ಪಿಲ್ಲ, ಎಷ್ಟೋ ಟೀಚರುಗಳಿಗೂ ಇದು ಇಷ್ಟ ಇಲ್ಲ.

ಮಾತಾಡುವವರು ಎರಡು ವಿಷಯ ನೆನಪಿಡಿ. ಬೈಬಲ್ ಬಗ್ಗೆ ಒಂದು ಕೆಟ್ಟ ಮಾತು ಬರಬಾರದು. ನಮ್ಮ ದೇವರ ಪೋಸ್ಟರೂ ಹಾಕಿ ಎಂದು ಕೇಳಬಾರದು. ಪೂಜೆ ಪ್ರಾರ್ಥನೆಯನ್ನು ಮನೆಗೆ, ಚರ್ಚಿಗೆ, ದೇವಸ್ಥಾನಕ್ಕೆ, ಮಸೀದಿಗೆ ಬಿಡಿ, ನಮ್ಮ ಮಕ್ಕಳಿಗೆ ಗಣಿತ ವಿಜ್ಞಾನ ಕಲಿಸಿ ಅಂದರೆ ಸಾಕು.

ಬಯಲುಸೀಮೆ, ಡಲ್ಲಾಸ್:

ಪೋಸ್ಟರ್ ತೆಗೆಯಲೇಬೇಕು ಎಂದು ನನಗೆ ಈಗಲೂ ಅನಿಸುತ್ತಿಲ್ಲ. ಆದರೆ ಆ ಎರಡು ಸಾಲನ್ನು ನಿನ್ನೆ ರಾತ್ರಿ ಸರಿಯಾಗಿ ಓದಿದೆ. ಮಗಳು ಕೇಳಿದರೆ ಏನು ಹೇಳಲಿ ಎಂದು ಯೋಚಿಸಿದೆ, ಉತ್ತರ ಹೊಳೆಯಲಿಲ್ಲ. ಮೀಟಿಂಗ್ ಯಾವತ್ತು ಎಂದು ಇಲ್ಲಿ ಹಾಕಿ ಅಕ್ಕ, ಬಂದು ಕೇಳಿಸಿಕೊಳ್ಳುತ್ತೇನೆ.